ಬಯೋಸ್ ಮರೆಮಾಡಿದ ಸಾಧನ ಮತ್ತು ಡ್ರೈವರ್ ತನಗೆ ತಾನೇ ಹಾಕಿಕೊಳ್ಳುವ ಡೆಡ್‌ಲಾಕ್

ಇಂಟೆಲ್ ಚಿಪ್‌ಸೆಟ್‌ಗಳಲ್ಲಿ ಪಿ2ಎಸ್‌ಬಿ ಎಂಬ, ಸೇತುವೆಯಂತೆ ಕೆಲಸ ಮಾಡುವ ಸಾಧನವೊಂದಿದೆ; ಯಂತ್ರದ ಘಟಕಗಳನ್ನು ಪ್ರೊಸೆಸರ್‌ಗೆ ಜೋಡಿಸುವ ಪಿಸಿಐ ಬಸ್ಸಿನ ಮೇಲೆ ಇದು ಇರುತ್ತದೆ. ಚಿಪ್‌ಸೆಟ್ಟಿನೊಳಗಿನ ಜಿಪಿಐಒದಂತಹ (ಸಾಮಾನ್ಯ ಬಳಕೆಯ ಇನ್‌ಪುಟ್-ಔಟ್‌ಪುಟ್ ಪಿನ್‌ಗಳು) ಘಟಕಗಳ ರಿಜಿಸ್ಟರ್‌ಗಳನ್ನು ಪ್ರೊಸೆಸರ್ ಈ ಸೇತುವೆಯ ಮೂಲಕ ಮುಟ್ಟುತ್ತದೆ. ಹಲವು ಯಂತ್ರಗಳಲ್ಲಿ, ಯಂತ್ರವನ್ನು ಆರಂಭಿಸುವ ಫರ್ಮ್‌ವೇರ್ ಆದ ಬಯೋಸ್ ಇದನ್ನು ಮರೆಮಾಡಿಯೇ ಆಪರೇಟಿಂಗ್ ಸಿಸ್ಟಮ್‌ಗೆ ನಿಯಂತ್ರಣ ಒಪ್ಪಿಸುತ್ತದೆ. ಆದರೂ ಲಿನಕ್ಸ್‌ನ ಕೆಲವು ಡ್ರೈವರ್‌ಗಳಿಗೆ ಇದರ ಬೇಸ್ ವಿಳಾಸ (ರಿಜಿಸ್ಟರ್‌ಗಳು ಆರಂಭವಾಗುವ ಮೆಮೊರಿ ವಿಳಾಸ) ಬೇಕೇ ಬೇಕು; ಸ್ಕೈಲೇಕ್ ಕಾಲದ ಚಿಪ್‌ಸೆಟ್‌ಗಳಲ್ಲಿ ಯಂತ್ರ ಸ್ತಬ್ಧವಾದರೆ ಮರುಬೂಟ್ ಮಾಡುವ ವಾಚ್‌ಡಾಗ್ ಟೈಮರಿನ ಒಂದು ಬಿಟ್ಟನ್ನು ತಲುಪಲು, ಮದರ್‌ಬೋರ್ಡ್‌ನ ಚಿಕ್ಕ ಘಟಕಗಳೊಡನೆ ಮಾತಾಡುವ ಎಸ್‌ಎಂಬಸ್ ಡ್ರೈವರ್ ಇದನ್ನೇ ಕೇಳುತ್ತದೆ.

2022ರಲ್ಲಿ ಬಂದ ಲಿನಕ್ಸ್ 6.0 ಆವೃತ್ತಿಯಲ್ಲಿ ಈ ಕೆಲಸಕ್ಕೆಂದೇ ಒಂದು ಸಾಮಾನ್ಯ ಫಂಕ್ಷನ್ ಸೇರಿತು. ಅದು ಕಾನ್ಫಿಗರೇಷನ್ ಪ್ರದೇಶದ ಹೆಕ್ಸಾಡೆಸಿಮಲ್ ಇ0 ಸ್ಥಾನದಲ್ಲಿರುವ 8ನೇ ಬಿಟ್ಟನ್ನು ಅಳಿಸಿ ಸಾಧನವನ್ನು ಹೊರತೋರಿಸುತ್ತಿತ್ತು, ವಿಳಾಸವನ್ನು ಓದಿಕೊಂಡು ಮತ್ತೆ ಮರೆಮಾಡುತ್ತಿತ್ತು. ಆ ನಡುವಿನ ಕ್ಷಣದಲ್ಲಿ ಬೇರೆ ಯಾರಾದರೂ ಬಸ್ಸನ್ನು ಸ್ಕ್ಯಾನ್ ಮಾಡಿದರೆ, ಮರುಕ್ಷಣ ಇಲ್ಲದಂತಾಗುವ ಸಾಧನ ಅವರ ಪಟ್ಟಿಗೆ ಸೇರಿಬಿಡುತ್ತದೆ. ಅದನ್ನು ತಡೆಯಲು ಪಿಸಿಐ ಉಪವ್ಯವಸ್ಥೆಯ ರೀಸ್ಕ್ಯಾನ್ ಲಾಕನ್ನು (ಒಂದು ಸಮಯಕ್ಕೆ ಒಬ್ಬರಿಗೆ ಮಾತ್ರ ಸಿಗುವ ಬೀಗ) ಹಿಡಿದುಕೊಂಡೇ ಈ ಕೆಲಸ ನಡೆಯುತ್ತಿತ್ತು. ಫಂಕ್ಷನ್ನನ್ನು ಪ್ರತ್ಯೇಕವಾಗಿ ನೋಡಿದರೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ.

ತೊಡಕು ಇರುವುದು ಅದನ್ನು ಕರೆಯುವ ಸಂದರ್ಭದಲ್ಲಿ. ಬಳಕೆದಾರರು ಸಿಸ್‌ಎಫ್‌ಎಸ್‌ನ (ಕರ್ನಲ್‌ನ ಒಳವಿವರಗಳನ್ನು ಕಡತಗಳಾಗಿ ತೋರಿಸುವ ವ್ಯವಸ್ಥೆ) ರೀಸ್ಕ್ಯಾನ್ ಕಡತಕ್ಕೆ 1 ಎಂದು ಬರೆದಾಗ ಕರ್ನಲ್ ಮೊದಲು ಅದೇ ಲಾಕನ್ನು ಹಿಡಿದು, ಬಸ್ಸನ್ನು ಹುಡುಕಿ, ಹೊಸದಾಗಿ ಕಂಡ ಸಾಧನಗಳಿಗೆ ಡ್ರೈವರ್‌ಗಳನ್ನು ಜೋಡಿಸುವ ಪ್ರೋಬ್ ಫಂಕ್ಷನ್‌ಗಳನ್ನು ಕರೆಯುತ್ತದೆ. ಹಾಗೆ ಕರೆಸಿಕೊಂಡ ಎಸ್‌ಎಂಬಸ್ ಡ್ರೈವರ್ ಪಿ2ಎಸ್‌ಬಿ ವಿಳಾಸವನ್ನು ಕೇಳಿದೊಡನೆ, ಲಾಕ್ ಹಿಡಿದಿರುವ ಥ್ರೆಡ್ಡೇ (ಕೋಡ್ ನಡೆಸುವ ಎಳೆ) ಅದೇ ಲಾಕಿಗಾಗಿ ಕಾಯುತ್ತಾ ನಿಲ್ಲುತ್ತದೆ. ಈ ಲಾಕ್ ಲಿನಕ್ಸ್‌ನ ಮ್ಯೂಟೆಕ್ಸ್ ಎಂಬ ಬಗೆಯದು; ಅದನ್ನು ಒಂದೇ ಥ್ರೆಡ್ ಎರಡು ಬಾರಿ ಹಿಡಿಯಲಾಗದು. ಆದ್ದರಿಂದ ಆ ಕಾಯುವಿಕೆಗೆ ಕೊನೆಯಿಲ್ಲ, ಡೆಡ್‌ಲಾಕ್ ಎಂದರೆ ಇದೇ, ಮತ್ತು ಆ ಬಳಿಕ ಆ ಲಾಕನ್ನು ಬೇಡುವ ಪ್ರತಿಯೊಬ್ಬರೂ ಅದರ ಹಿಂದೆ ಸಾಲುಗಟ್ಟುತ್ತಾರೆ.

ಒಂದೇ ಥ್ರೆಡ್ ಪುನಃ ಹಿಡಿಯಬಹುದಾದ ಲಾಕನ್ನು ಬಳಸಬಹುದಲ್ಲ ಎಂಬ ಯೋಚನೆ ಇಲ್ಲಿ ಸಹಜವಾಗಿಯೇ ಬರುತ್ತದೆ, ಆದರೆ ಅದನ್ನು ನಾನು ಒಪ್ಪಲಾರೆ. ಸ್ಕ್ಯಾನ್ ಅರ್ಧದಲ್ಲಿರುವಾಗ ಅದರ ಒಳಗಿನಿಂದಲೇ ಸಾಧನವೊಂದನ್ನು ಬಸ್ಸಿಗೆ ಸೇರಿಸಿ ತೆಗೆಯುವುದಾದರೆ, ಯಾವುದನ್ನು ತಡೆಯಲೆಂದು ಲಾಕ್ ಇತ್ತೋ ಅದಕ್ಕೇ ಬಾಗಿಲು ತೆರೆದಂತಾಗುತ್ತದೆ. ಲಾಕ್ ಸಿಕ್ಕರೆ ಹಿಡಿ, ಇಲ್ಲದಿದ್ದರೆ ಮುಂದುವರಿ ಎಂಬ ಟ್ರೈಲಾಕ್ ಕೂಡ ಸಾಲದು, ಏಕೆಂದರೆ ಲಾಕನ್ನು ಹಿಡಿದಿರುವುದು ನಮ್ಮ ಥ್ರೆಡ್ಡೋ ಬೇರೆಯದೋ ಎಂಬುದನ್ನು ಅದು ಹೇಳುವುದಿಲ್ಲ.

2024ರ ಜನವರಿಯಲ್ಲಿ ಸೇರಿದ ಪರಿಹಾರವು ಲಾಕನ್ನು ಉಳಿಸಿಕೊಂಡು, ಅದನ್ನು ಹಿಡಿಯುವ ಸಮಯವನ್ನು ಮಾತ್ರ ಬದಲಾಯಿಸಿತು. ಬೂಟ್ ಆಗುವಾಗ, ಸಾಮಾನ್ಯ ಡ್ರೈವರ್‌ಗಳಿಗಿಂತ ಮುಂಚಿನ ಎಫ್‌ಎಸ್ ಇನಿಟ್‌ಕಾಲ್ ಹಂತದಲ್ಲಿ, ಲಾಕ್ ಹಿಡಿದು ಸಾಧನವನ್ನು ಒಮ್ಮೆ ಹೊರತೋರಿಸಿ ವಿಳಾಸವನ್ನು ಕ್ಯಾಶ್ ಮಾಡಿಕೊಳ್ಳಲಾಗುತ್ತದೆ. ಆಮೇಲೆ ಪ್ರೋಬ್‌ನಿಂದ ಬರುವ ಕರೆಗೆ ಆ ಕ್ಯಾಶ್‌ನಿಂದಲೇ ಉತ್ತರ ಸಿಗುತ್ತದೆ. ಆ ಸ್ಥಾನದಲ್ಲಿ ಬೇರೆ ಸಾಧನವಿದ್ದರೆ ಅದನ್ನು ಕೆಡಿಸದಂತೆ, ಸಾಧನದ ಬಗೆಯನ್ನು ಸೂಚಿಸುವ ಕ್ಲಾಸ್ ಕೋಡ್ ಹೆಕ್ಸಾಡೆಸಿಮಲ್ 0580 ಹೌದೇ ಎಂಬ ಪರೀಕ್ಷೆಯನ್ನೂ ಸೇರಿಸಲಾಯಿತು. ಬಯೋಸ್ ಗೊತ್ತುಮಾಡಿದ, ಯಂತ್ರ ನಡೆಯುತ್ತಿರುವಾಗ ಬದಲಾಗದ ಒಂದು ಸಂಖ್ಯೆಗಾಗಿ ಪ್ರತಿ ಸಲವೂ ಬಸ್ಸನ್ನೇ ಬಂಧಿಸುವ ಅಗತ್ಯವಿರಲಿಲ್ಲ ಎಂಬ ತಿಳಿವು ಇದರ ಹಿಂದಿದೆ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ.

ಆದರೆ ಮೊದಲೇ ಓದಿಟ್ಟುಕೊಳ್ಳುವುದಕ್ಕೂ ಬೆಲೆಯಿದೆ. ಗೋಲ್ಡ್‌ಮಾಂಟ್ ಪ್ರೊಸೆಸರ್‌ಗಳಲ್ಲಿ ಪಿ2ಎಸ್‌ಬಿ 13ನೇ ಸಾಧನವಾಗಿದ್ದು, ಹೊಸ ಕೋಡ್ ಅದರ 0ಯಿಂದ 7ರವರೆಗಿನ ಎಂಟೂ ಫಂಕ್ಷನ್‌ಗಳನ್ನು (ಇಲ್ಲಿ ಈ ಪದಕ್ಕೆ ಒಂದು ಪಿಸಿಐ ಸಾಧನದೊಳಗಿನ ಉಪಘಟಕ ಎಂದರ್ಥ) ಸ್ಕ್ಯಾನ್ ಮಾಡತೊಡಗಿತು, ವಾಸ್ತವದಲ್ಲಿ ಬೇಕಾಗಿದ್ದವು 0 ಮತ್ತು 2 ಮಾತ್ರ. ಮರೆಯಲ್ಲಿದ್ದ ಉಳಿದವುಗಳನ್ನು ಕೆದಕಿದ್ದರಿಂದ ಒಂದು ಏಸುಸ್ ವಿವೋಬುಕ್‌ನಲ್ಲಿ ಎಸಿಪಿಐ (ಫರ್ಮ್‌ವೇರ್ ಮತ್ತು ಆಪರೇಟಿಂಗ್ ಸಿಸ್ಟಮ್ ನಡುವಿನ ವಿದ್ಯುತ್ ಮತ್ತು ಸಾಧನ ನಿರ್ವಹಣೆಯ ವ್ಯವಸ್ಥೆ) ದೋಷಗಳು ನಿರಂತರವಾಗಿ ಹರಿದು ಸಿಪಿಯು ಮೇಲೆ ಹೊರೆ ಬಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಆ ಎರಡನ್ನಷ್ಟೇ ಓದುವಂತೆ ತಿದ್ದಲಾಯಿತು. ಬಯೋಸ್ ಮರೆಮಾಡದೆ ಬಿಟ್ಟ ಯಂತ್ರಗಳಲ್ಲಿ ಇನ್ನೊಂದು ಅಡ್ಡಪರಿಣಾಮವಿತ್ತು: ಓದಿದ ಬಳಿಕ ಕೋಡ್ ಸಾಧನವನ್ನು ಬಸ್ಸಿನಿಂದ ತೆಗೆದುಹಾಕುತ್ತಿದ್ದುದರಿಂದ, ಮೊದಲಿನಿಂದ ಕಾಣುತ್ತಿದ್ದ ಸಾಧನವೂ ಪಟ್ಟಿಯಿಂದ ಮಾಯವಾಗುತ್ತಿತ್ತು. ಈಗ ಅಂತಹ ಯಂತ್ರದಲ್ಲಿ ಸ್ಕ್ಯಾನೂ ಇಲ್ಲ, ತೆಗೆದುಹಾಕುವುದೂ ಇಲ್ಲ. ಇದ್ದ ಸಾಧನದಿಂದಲೇ ವಿಳಾಸವನ್ನು ಓದಿಕೊಳ್ಳಲಾಗುತ್ತದೆ.

ಪ್ರೋಬ್‌ನಿಂದ ಕರೆಯಬಹುದಾದ ಸಹಾಯಕ ಫಂಕ್ಷನ್ ಬರೆಯುವವರು, ಪ್ರೋಬ್ ಕರೆಯುವಾಗ ಬಸ್ ಕೋರ್ ಯಾವ ಲಾಕ್‌ಗಳನ್ನು ಹಿಡಿದಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಲಾಕ್‌ಗಳ ತಪ್ಪು ಬಳಕೆಯನ್ನು ಪತ್ತೆಹಚ್ಚುವ ಲಾಕ್‌ಡೆಪ್ ಸಕ್ರಿಯವಾಗಿರುವ ಕರ್ನಲ್‌ನಲ್ಲಿ, ಆ ಫಂಕ್ಷನ್ನನ್ನು ಕರೆಯುವ ಡ್ರೈವರಿನ ಪಿಸಿಐ ಸಾಧನವನ್ನು ಸಿಸ್‌ಎಫ್‌ಎಸ್ ಮೂಲಕ ತೆಗೆದು ರೀಸ್ಕ್ಯಾನ್ ಮಾಡಿದರೆ, ಬೂಟ್‌ನಲ್ಲಿ ಎಂದೂ ಕಾಣಿಸದ ಈ ಬಗೆಯ ದೋಷ ಎಚ್ಚರಿಕೆಯ ಸಂದೇಶವಾಗಿ ಲಾಗ್‌ನಲ್ಲಿ ಬಂದು ನಿಲ್ಲುತ್ತದೆ.