ಕೃಷ್ಣೆಯ ಬಂಡೆಗಳ ಮೇಲೆ ಗಾಳ: ಸೀಸ ಬಿಟ್ಟು ಕಲ್ಲು ಕಟ್ಟಿದ ಮೇಲೆ

ನಾರಾಯಣಪುರದ ಬಸವಸಾಗರ ಜಲಾಶಯದ ಕೆಳಗೆ ಕೃಷ್ಣೆ ಬಂಡೆಗಳನ್ನು ಸೀಳಿಕೊಂಡು ಹರಿಯುತ್ತದೆ. ಛಾಯಾ ಭಗವತಿಯ ಹತ್ತಿರ ಭಕ್ತರು ಮೀಯುವ ಕಡೆ ಗಾಳ ಹಾಕಲು ಮನಸ್ಸೊಪ್ಪುವುದಿಲ್ಲ. ಅಲ್ಲಿಂದ ಬಹಳ ಕೆಳಗೆ ಹೋಗಿ ಕೂರುತ್ತೇನೆ. ಮೀನಿಗೆ ಹೇಳಿ ಮಾಡಿಸಿದ ಜಾಗ, ದಾರಕ್ಕೆ ಮಾತ್ರ ವೈರಿ. ಹರಿವಿನ ಹೊಡೆತ ತಪ್ಪಿಸಿಕೊಳ್ಳಲು ಮೀನು ಯಾವ ಸಂದಿಯ ಮರೆಯಲ್ಲಿ ನಿಲ್ಲುತ್ತದೋ, ಗಾಳ ಮುಳುಗಲೆಂದು ದಾರಕ್ಕೆ ಕಟ್ಟಿದ ಸೀಸದ ಗುಂಡೂ ಅದೇ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಎಳೆದರೆ ಗುಂಡು, ಕೊಕ್ಕೆ, ದಾರ ಎಲ್ಲವೂ ನದಿಯ ಪಾಲು.

ಕಾಪುವಿನ ದೀಪಸ್ತಂಭದ ಬಂಡೆಯ ಮೇಲಿನಿಂದ ಕಡಲಿಗೆ ಗಾಳ ಎಸೆಯುವವರೊಬ್ಬರ ಕೈಯಲ್ಲಿ ಇದಕ್ಕೆ ಉಪಾಯ ಕಂಡಿದ್ದೆ. ಭಾರವನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟುವುದಿಲ್ಲ. ಅದಕ್ಕಿಂತ ತೆಳುವಾದ ದಾರದ ಗೇಣುದ್ದ ತುಂಡಿನಿಂದ ಇಳಿಬಿಡುತ್ತಾರೆ. ಸಿಕ್ಕಿಕೊಂಡರೆ ತುಂಡಾಗುವುದು ಆ ತೆಳು ದಾರ ಮಾತ್ರ, ಕೊಕ್ಕೆ ಉಳಿಯುತ್ತದೆ. ನಾನು ಮುಖ್ಯ ದಾರ 0.40 ಮಿಲಿಮೀಟರ್, ಭಾರದ ತುಂಡು 0.20 ಇಟ್ಟುಕೊಂಡೆ. ಆದರೂ ಪ್ರತಿ ಸಲ ಸೀಸವನ್ನು ನೀರಿಗೆ ಬಿಟ್ಟು ಬರುವುದು ಜೇಬಿಗೂ ನದಿಗೂ ಒಳ್ಳೆಯದಲ್ಲ.

ಹರಗೋಲಿನಲ್ಲಿ ಬಲೆ ಎತ್ತುತ್ತಿದ್ದ ಅಜ್ಜ ಒಬ್ಬರು ನನ್ನ ಪಾಡು ನೋಡಿ, “ತಮ್ಮಾ, ಕಲ್ಲಿಗೆ ಸೀಸ ಯಾಕೆ ಉಣಿಸುತ್ತೀ? ಕಲ್ಲನ್ನೇ ಕಟ್ಟು” ಎಂದರು. ಈಗ ಹಾಗೆಯೇ ಮಾಡುತ್ತಿದ್ದೇನೆ. ದಡದಲ್ಲೇ ಸಿಗುವ ಚಪ್ಪಟೆ ಕಲ್ಲಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಪಟ್ಟಿಯ ಅಡಿಯಲ್ಲಿ ತೆಳು ದಾರ ತೂರಿಸಿ ಗಂಟು ಹಾಕುವುದು. ಗುಂಡುಕಲ್ಲು ಬೇಡ, ಹರಿವಿಗೆ ಉರುಳುತ್ತದೆ. ಕಲ್ಲು ನೀರಿನಲ್ಲಿ ತನ್ನ ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ, ಸೀಸ ಹತ್ತನೇ ಒಂದು ಪಾಲನ್ನೂ ಕಳೆದುಕೊಳ್ಳುವುದಿಲ್ಲ. ಹಾಗಾಗಿ 50 ಗ್ರಾಂ ಸೀಸದ ಕೆಲಸಕ್ಕೆ 70ರಿಂದ 80 ಗ್ರಾಂ ಕಲ್ಲು ಬೇಕು. ಕೋಲನ್ನು ಝಾಡಿಸಿ ಎಸೆದರೆ ತೆಳು ದಾರ ಗಾಳಿಯಲ್ಲೇ ಹರಿದು ಕಲ್ಲು ಒಂದು ಕಡೆ, ಕೊಕ್ಕೆ ಇನ್ನೊಂದು ಕಡೆ. ನಿಧಾನವಾಗಿ ತೂಗಿ ಬಿಡಬೇಕು. ದೂರ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ಎರೆಗೆ ಗಾಣದ ಶೇಂಗಾ ಹಿಂಡಿ ಮತ್ತು ಜೋಳದ ಹಿಟ್ಟು. ಜೋಳಕ್ಕೆ ಜಿಗುಟಿಲ್ಲದ್ದರಿಂದ ಒಂದು ಹಿಡಿ ಗೋಧಿ ಹಿಟ್ಟು ಬೆರೆಸಿ ನಾದುತ್ತೇನೆ. ಕಳೆದ ವಾರ ಇದಕ್ಕೇ ಒಳ್ಳೆಯ ರೋಹು ಬಿತ್ತು. ದಡಕ್ಕೆ ತಂದ ಮೇಲೆ ಉಗುರಿನಿಂದ ದಾರ ಸವರಿದರೆ ಕೊಕ್ಕೆಯ ಮೇಲಿನ ಮೊಳದಷ್ಟು ಭಾಗ ತರಿತರಿ, ಬಂಡೆಗೆ ಉಜ್ಜಿ ಬಿಳಿಚಿಕೊಂಡಿತ್ತು. ಅಷ್ಟನ್ನು ಕತ್ತರಿಸಿ ಹೊಸ ಗಂಟು ಹಾಕಿದೆ.

ಬಾಳೆಮೀನು ಕತ್ತಲಾದ ಮೇಲೆ ಚೆನ್ನಾಗಿ ಕಚ್ಚುತ್ತದೆ ಎನ್ನುತ್ತಾರೆ. ಮೊಸಳೆ ಇರುವ ನದಿಯಂಚಿನಲ್ಲಿ ರಾತ್ರಿ ಕೂರುವ ಹುಮ್ಮಸ್ಸು ನನಗಿಲ್ಲ. ಕಡಲಿನ ಉಬ್ಬರಕ್ಕಾದರೆ ವೇಳೆ ಉಂಟು. ಇಲ್ಲಿ ಉಬ್ಬರವೆಂದರೆ ಅಣೆಕಟ್ಟಿನ ಗೇಟುಗಳು, ಮೇಲೆ ಆಲಮಟ್ಟಿ ಬಿಟ್ಟಂತೆ ಇವೂ ಏಳುತ್ತವೆ. ಹೊರಡುವ ಮುಂಚೆ ನೀರು ಬಿಡುವ ಸುದ್ದಿ ವಿಚಾರಿಸಿಕೊಂಡೇ ಹೋಗುವುದು. ಮಳೆ ಹಿಡಿದರೆ ರೋಹು, ಕಾಟ್ಲಾ ಮೊಟ್ಟೆಯಿಡುವ ಕಾಲ, ಕೋಲು ಅಟ್ಟಕ್ಕೆ. ಅದಕ್ಕೆ ಮೊದಲು 0.25 ದಾರದ ತುಂಡು ಕಟ್ಟಿ, ಎಸೆತದಲ್ಲಿ ಹರಿಯುವುದು ಕಡಿಮೆಯಾಗುತ್ತದೆಯೇ ನೋಡಬೇಕು.