ಜನವರಿಯೋ, ಮೇ ತಿಂಗಳೋ, ಸೆಪ್ಟೆಂಬರೋ?

ಸಿಎ ಫೈನಲ್, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಆಗೋದಕ್ಕೆ ಬರೆಯುವ ಕೊನೆಯ ಪರೀಕ್ಷೆ, ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ. 2025ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ಇದನ್ನು ಪ್ರಕಟಿಸಿದ ದಿನ ನಮ್ಮ ಆಫೀಸಿನ ಆರ್ಟಿಕಲ್ಸ್ (ತರಬೇತಿಯ) ಹುಡುಗರು ಖುಷಿಯಲ್ಲಿ ಗಿರ್ಮಿಟ್, ಮಿರ್ಚಿ ತರಿಸಿ ತಿಂದರು. ಅಲ್ಲಿಯವರೆಗೆ ಮೇ ಮತ್ತು ನವೆಂಬರ್, ಎರಡೇ. ಒಂದು ತಪ್ಪಿದರೆ ಆರು ತಿಂಗಳು ಕಾಯಬೇಕಿತ್ತು. ಈಗ ನಾಲ್ಕೇ ತಿಂಗಳು. ಕೇಳೋದಕ್ಕೆ ಚೆನ್ನಾಗಿಯೇ ಇದೆ. ಆದರೆ ಕೆಲಸ ಮಾಡುತ್ತಾ ಓದುವವರಿಗೆ ಮೂರೂ ಅಟೆಂಪ್ಟಿನ ದಾರಿಯಲ್ಲಿ ಒಬ್ಬೊಬ್ಬ ಕಳ್ಳ ಕೂತಿರುತ್ತಾನೆ. ಮೇ ಅಟೆಂಪ್ಟಿಗೆ ಏಪ್ರಿಲ್ ತಿಂಗಳ ಬ್ಯಾಂಕ್ ಆಡಿಟ್. ಸೆಪ್ಟೆಂಬರಿಗೆ ಆದಾಯ ತೆರಿಗೆ ರಿಟರ್ನ್ಸ್ ಮತ್ತು ಟ್ಯಾಕ್ಸ್ ಆಡಿಟ್ (ತೆರಿಗೆಗಾಗಿ ಲೆಕ್ಕ ತಪಾಸಣೆ). ಜನವರಿಗೆ ಯಾರೂ ಇಲ್ಲ ಅಂದುಕೊಂಡಿದ್ದೆ. ಅದಕ್ಕೂ ಒಬ್ಬ ಬಂದ.

ನಾನು ಶಿರಸಿ ಕಡೆಯವಳು. ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮುಗಿಸಿ, ಅಲ್ಲೇ ಪೇಯ್ಡ್ ಅಸಿಸ್ಟೆಂಟ್ ಆಗಿ ಉಳಿದಿದ್ದೇನೆ. ಫೈನಲ್‌ನ ಆರು ಪೇಪರ್‌ಗಳು ಮೂರು ಮೂರರ ಎರಡು ಗ್ರೂಪ್. ಮೊದಲ ಗ್ರೂಪ್ 2025ರ ಮೇನಲ್ಲಿ ಆಯ್ತು. ಎರಡನೆಯದನ್ನು 2026ರ ಜನವರಿಯಲ್ಲಿ ಬರೆದು ರಿಸಲ್ಟಿಗೆ ಕಾಯುತ್ತಿದ್ದೇನೆ. "ಅಕ್ಕಾ, ಯಾವ ಅಟೆಂಪ್ಟ್ ಹಾಕ್ಲಿ?" ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದುಬಿಡೋಣ ಅನ್ನಿಸಿತು.

ಎಲ್ಲರೂ ಮೊದಲು ಕೇಳೋದು ಒಂದೇ: ಒಂದು ಗ್ರೂಪೋ, ಎರಡೂ ಒಟ್ಟಿಗೋ? ಎರಡೂ ಒಟ್ಟಿಗೆ ಬರೆಯಿರಿ ಅನ್ನುವವರ ಲೆಕ್ಕವೂ ತಪ್ಪಲ್ಲ. ಒಂದೊಂದು ಪೇಪರಿಗೂ 40 ಬರಲೇಬೇಕು, ಗ್ರೂಪಿನ ಒಟ್ಟು ಅಂಕ ಶೇ. 50 ಮುಟ್ಟಬೇಕು. ಎರಡೂ ಗ್ರೂಪ್ ಬರೆದರೆ ಒಂದರಲ್ಲಿ ಕಡಿಮೆ ಬಿದ್ದದ್ದನ್ನು ಇನ್ನೊಂದರ ಜಾಸ್ತಿ ಅಂಕ ತುಂಬಿಕೊಡುತ್ತದೆ. ಆರೂ ಪೇಪರ್ ಸೇರಿ 300 ಆದರೆ ಪಾಸು. ಫೀಸಿನಲ್ಲೂ ಉಳಿತಾಯ: ಒಂದು ಗ್ರೂಪಿಗೆ 1,800 ರೂಪಾಯಿ, ಎರಡಕ್ಕೂ ಸೇರಿ 3,300. ಆದರೂ 2025ರ ಮೇ ಪರೀಕ್ಷೆಯಲ್ಲಿ ಎರಡೂ ಗ್ರೂಪ್ ಬರೆದವರಲ್ಲಿ ಎರಡನ್ನೂ ದಾಟಿದವರು ಶೇ. 18.75 ಮಾತ್ರ. ದಿನವಿಡೀ ಮನೆಯಲ್ಲಿ ಕೂತು ಓದಬಲ್ಲವರು ಧೈರ್ಯ ಮಾಡಲಿ. ಸಂಜೆ ಏಳಕ್ಕೆ ಆಫೀಸಿನಿಂದ ಬಂದು, ಪಿಜಿಯ ಊಟ ಮುಗಿಸಿ, ಒಂಬತ್ತಕ್ಕೆ ಪುಸ್ತಕ ತೆರೆಯುವವರಿಗೆ ಒಂದೇ ಗ್ರೂಪ್ ಸಾಕು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಮೇ ಅಟೆಂಪ್ಟಿನಲ್ಲಿ ನನಗೆ ಆ ಒಂದೇ ಗ್ರೂಪ್ ಇನ್ನೊಂದು ರೀತಿಯಲ್ಲೂ ಒಳ್ಳೆಯದಾಯ್ತು. ಮೇ 2, 4, 6ಕ್ಕೆ ನನ್ನ ಮೂರು ಪೇಪರ್ ಮುಗಿದವು. ಮರುದಿನವೇ ಆಪರೇಷನ್ ಸಿಂಧೂರ. 9ರಿಂದ 14ರವರೆಗಿನ ಪೇಪರ್‌ಗಳನ್ನೆಲ್ಲ ಮುಂದೂಡಿದ್ದಾರೆ ಅಂತ ಪ್ರಕಟಣೆ ಬಂತು. ನನ್ನ ರೂಮ್‌ಮೇಟ್ ಎರಡೂ ಗ್ರೂಪ್ ಕಟ್ಟಿದ್ದಳು. 8ಕ್ಕೆ ಡೈರೆಕ್ಟ್ ಟ್ಯಾಕ್ಸ್ ಬರೆದು ಬಂದು, 10ರ ಜಿಎಸ್‌ಟಿ ಪೇಪರಿಗೆ ತಲೆತುಂಬ ತುಂಬಿಕೊಂಡು ಕೂತಿದ್ದವಳಿಗೆ ಮುಂದಿನ ತಾರೀಕೇ ಇಲ್ಲ. ಯುದ್ಧದ ಸುದ್ದಿ ನೋಡಬೇಕೋ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಓದಬೇಕೋ? ಅವಳಪ್ಪ ಫೋನ್ ಮಾಡಿ ಊರಿಗೆ ಬಾ ಅನ್ನುತ್ತಿದ್ದರು. ಉಳಿದ ಪೇಪರ್‌ಗಳು 16ರಿಂದ ಶುರುವಾದವು. "ಆರು ದಿನ ಜಾಸ್ತಿ ಸಿಕ್ತು, ಲಾಭ ಅಲ್ವಾ?" ಅಂದವರಿಗೆಲ್ಲ ಅವಳು ಚೆನ್ನಾಗಿಯೇ ಉತ್ತರ ಕೊಟ್ಟಳು. ಇಲ್ಲಿ ಬರೆಯುವ ಹಾಗಿಲ್ಲ. ಹಿಂದಿನ ವರ್ಷ, 2024ರ ಮೇನಲ್ಲೂ ಲೋಕಸಭಾ ಚುನಾವಣೆ ಅಂತ ತಾರೀಕು ಬದಲಾಗಿತ್ತು. ಹಾಗಾಗಿ ಪರೀಕ್ಷೆ ಮುಗಿದ ಮರುದಿನಕ್ಕೆ ಯಾರದೇ ಮದುವೆಗೂ ಟಿಕೆಟ್ ಬುಕ್ ಮಾಡಬೇಡಿ.

ಜುಲೈ 6, ಭಾನುವಾರ ರಿಸಲ್ಟು ಬಂತು. ಆವತ್ತು ಆಷಾಢ ಏಕಾದಶಿ. ಆಯಿ, ಅಂದರೆ ಅಮ್ಮ, ಉಪವಾಸದಲ್ಲಿದ್ದರು. ಮಧ್ಯಾಹ್ನ ಪುಟ ತೆರೆದರೆ ಸುಮ್ನೆ ತಿರುಗುತ್ತಲೇ ಇತ್ತು, ಕೊನೆಗೆ ತೆರೆಯಿತು. ಆಡಿಟ್‌ನಲ್ಲಿ 43. ಬೇರೆ ಎರಡು ಪೇಪರ್ ಕೈಹಿಡಿದಿದ್ದರಿಂದ ಗ್ರೂಪ್ ಆಯ್ತು. ದಿನಾ ಆಡಿಟ್ ಮಾಡುವವಳಿಗೆ ಆಡಿಟ್‌ನಲ್ಲೇ ಕಡಿಮೆ! ಆಫೀಸಿನಲ್ಲಿ ಇದೇ ಒಂದು ವಾರದ ತಮಾಷೆ.

ಎರಡನೇ ಗ್ರೂಪಿಗೆ ಸೆಪ್ಟೆಂಬರ್ ಹಾಕಲೋ, ಜನವರಿಯೋ ಅಂತ ಕೂತೆ. ಸೆಪ್ಟೆಂಬರ್ ಅಂದರೆ ಮಧ್ಯೆ ಎರಡೇ ತಿಂಗಳು. ಆ ವರ್ಷ ಆಡಿಟ್ ಇಲ್ಲದವರ ರಿಟರ್ನ್ಸ್ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ತಳ್ಳಿದ್ದರು. ನಮ್ಮ ಗ್ರೂಪಿನ ಪೇಪರ್‌ಗಳು ಸೆಪ್ಟೆಂಬರ್ 10, 12, 14ಕ್ಕೆ. ಜೊತೆಗೆ ಆಗಸ್ಟ್ 27ರಿಂದ ಹುಬ್ಬಳ್ಳಿಯ ಗಣಪತಿ. ನಮ್ಮ ಪಿಜಿ ಇರುವ ಓಣಿಯಲ್ಲಿ ಹನ್ನೊಂದು ದಿನ ಡಿಜೆ. ಇದೆಲ್ಲ ಒಂದು ಹಾಳೆಯ ಮೇಲೆ ಬರೆದು ನೋಡಿದ ಮೇಲೆ ಜನವರಿ ಅಂತ ನಿರ್ಧಾರ ಮಾಡೋದಕ್ಕೆ ಹೊತ್ತು ಹಿಡಿಯಲಿಲ್ಲ. ಟ್ಯಾಕ್ಸ್ ಆಡಿಟ್ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ, ಅಕ್ಟೋಬರಿನಲ್ಲಿ ಉಳಿದ ರಿಟರ್ನ್ಸ್ ಹಾಕಿ, ನವೆಂಬರ್ ಒಂದರಿಂದ ರಜೆ. ಆಫೀಸಿನ ಸರ್ ಕೂಡ ಒಪ್ಪಿದರು.

ಆಮೇಲೆ ಆಗಿದ್ದು ರಾಜ್ಯದ ಸಿಎಗಳಿಗೆಲ್ಲ ಗೊತ್ತು. ಪೋರ್ಟಲ್ ಸಮಸ್ಯೆ, ತಡವಾಗಿ ಬಂದ ಫಾರ್ಮುಗಳು ಅಂತ ಗಡುವು ವಿಸ್ತರಿಸಲು ಕೇಳಿ ಹೈಕೋರ್ಟ್‌ಗಳಿಗೆ ಅರ್ಜಿ ಹೋಯಿತು. ಸೆಪ್ಟೆಂಬರ್ 24ಕ್ಕೆ ಕರ್ನಾಟಕ ಹೈಕೋರ್ಟೂ, ರಾಜಸ್ಥಾನ ಹೈಕೋರ್ಟೂ ಒಂದು ತಿಂಗಳು ಕೊಡಿ ಅಂದವು. ಮರುದಿನ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಟ್ಯಾಕ್ಸ್ ಆಡಿಟ್ ಗಡುವನ್ನು ಅಕ್ಟೋಬರ್ 31ಕ್ಕೆ ಒಯ್ದಿತು. ಆಫೀಸಿನಲ್ಲಿ ಎಲ್ಲರೂ ಉಸಿರು ಬಿಟ್ಟರು. ನಾನೊಬ್ಬಳೇ ಕ್ಯಾಲೆಂಡರ್ ನೋಡುತ್ತಾ ಕೂತೆ. ಗಡುವು ಮುಂದೆ ಹೋದರೆ ಕಕ್ಷಿದಾರರೂ ಮುಂದೆ ಹೋಗುತ್ತಾರೆ. ಸೆಪ್ಟೆಂಬರ್ 28ಕ್ಕೆ ಲೆಕ್ಕ ತರುತ್ತೇನೆ ಅಂದಿದ್ದ ಅಡಿಕೆ ವ್ಯಾಪಾರಿ "ಅವಸರ ಎಂಥದ್ರೀ ಮೇಡಂ, ದೀಪಾವಳಿ ಮುಗೀಲಿ" ಅಂದರು. ಅಕ್ಟೋಬರ್ 29ಕ್ಕೆ ಗಡುವು ಇನ್ನೊಮ್ಮೆ ಮುಂದೆ ಹೋಗಿ ನವೆಂಬರ್ 10 ಆಯ್ತು, ರಿಟರ್ನ್ಸ್‌ಗೆ ಡಿಸೆಂಬರ್ 10. ಜನವರಿಯ ಕಳ್ಳ ಅಂದಿದ್ದು ಇವನನ್ನೇ. ಟ್ಯಾಕ್ಸ್ ಆಡಿಟ್ ಮುಗಿಯುವವರೆಗೆ ನನಗೆ ರಜೆ ಸಿಗಲಿಲ್ಲ. ಸರ್‌ಗೆ ಬೈಯೋಣ ಅಂದರೆ ಅವರೂ ರಾತ್ರಿ ಹನ್ನೊಂದರವರೆಗೆ ಆಫೀಸಿನಲ್ಲೇ ಇದ್ದರು.

ಮತ್ಯಾಕೆ ಮೇ ತಿಂಗಳಿಗೆ ತಳ್ಳಲಿಲ್ಲ ಅಂದರೆ, ಕಾರಣ ಹೊಸ ಆದಾಯ ತೆರಿಗೆ ಕಾಯ್ದೆ. 1961ರ ಕಾಯ್ದೆ ಹೋಗಿ, 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. 536 ಸೆಕ್ಷನ್, ಎಲ್ಲದರ ನಂಬರೂ ಬೇರೆ. ನನ್ನ ಬಾಯಲ್ಲಿ 44ಎಬಿ, 80ಸಿ, 194ಸಿ ನಿದ್ದೆಯಲ್ಲೂ ಬರುತ್ತವೆ. ಹೊಸದರಲ್ಲಿ ಸಂಬಳ ಬಿಟ್ಟು ಉಳಿದ ಟಿಡಿಎಸ್ (ಹಣ ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಎಲ್ಲ 393ರೊಳಗೆ ಹೋಗಿ ಕೂತಿದೆ. ಇವತ್ತಲ್ಲ ನಾಳೆ ಇದು ಪರೀಕ್ಷೆಗೂ ಬರುತ್ತದೆ. ಗೊತ್ತಿರುವ ನಂಬರುಗಳಿಗೆ ಬೆಲೆ ಇರುವಾಗಲೇ ಬರೆದು ಮುಗಿಸಬೇಕು ಅಂತ ಹಟ. ಇನ್ನೊಂದು ಫಜೀತಿ ಜಿಎಸ್‌ಟಿಯದು. ಯಾವ ತಾರೀಕಿನವರೆಗಿನ ತಿದ್ದುಪಡಿ ಪರೀಕ್ಷೆಗೆ ಅನ್ವಯ ಅಂತ ಸಂಸ್ಥೆ ಮೊದಲೇ ಹೇಳಿರುತ್ತದೆ. ಆಫೀಸಿನಲ್ಲಿ ಸೆಪ್ಟೆಂಬರ್ 22ರಿಂದ ಹೊಸ ದರದ ಬಿಲ್ಲುಗಳು, ಫೋನ್ ಮೇಲೆ ಫೋನು. ರಾತ್ರಿ ಓದುವಾಗ ಅದನ್ನೆಲ್ಲ ತಲೆಯಿಂದ ಆಚೆ ಇಡಬೇಕು.

ಪರೀಕ್ಷೆ ಜನವರಿ 11, 13, 16ಕ್ಕೆ. ನಡುವೆ ಸಂಕ್ರಾಂತಿ. ಪಿಜಿಯ ಕಾಕು ಸಜ್ಜೆ ರೊಟ್ಟಿ, ಮಾದ್ಲಿ, ಶೇಂಗಾ ಹೋಳಿಗೆ ತಂದಿಟ್ಟು, "ಎಳ್ಳು ಬೆಲ್ಲದಂಗ ಇರೂಣು ತಂಗಿ, ಪುಸ್ತಕ ಓಡಿ ಹೋಗಂಗಿಲ್ಲ, ಮೊದಲ ಉಣ್ಣು" ಅಂದರು. ಉಂಡೆ. ಮಧ್ಯಾಹ್ನ ಎರಡು ತಾಸು ನಿದ್ದೆಯೂ ಆಯ್ತು, ಮಾದ್ಲಿಯ ಪ್ರಭಾವ.

16ರ ಪೇಪರ್ ಬಗ್ಗೆ ಸ್ವಲ್ಪ ಹೇಳಬೇಕು. ಆರನೇ ಪೇಪರ್, ಇಂಟಿಗ್ರೇಟೆಡ್ ಬಿಸಿನೆಸ್ ಸೊಲ್ಯೂಷನ್ಸ್. ಎಲ್ಲ ವಿಷಯ ಸೇರಿಸಿ ಕೇಸ್ ಸ್ಟಡಿ ಕೊಡುತ್ತಾರೆ. ನಾಲ್ಕು ತಾಸು, ಎರಡರಿಂದ ಆರು. ಪುಸ್ತಕ ಒಯ್ಯಬಹುದು. ಒಯ್ಯಬಹುದು ಅಂದಿದ್ದೇ ತಡ, ಸೆಂಟರಿನ ಗೇಟಿನಲ್ಲಿ ಟ್ರಾಲಿ ಬ್ಯಾಗುಗಳ ಸಾಲು, ಊರಿಗೆ ಹೊರಟವರ ಥರ. ನನ್ನ ಪಕ್ಕದ ಬೆಂಚಿನ ಹುಡುಗ ಪುಸ್ತಕಗಳನ್ನು ಎರಡು ರಾಶಿ ಮಾಡಿಟ್ಟ. ಒಂದೊಂದರಲ್ಲೂ ಬಣ್ಣ ಬಣ್ಣದ ಚೀಟಿ ಅಂಟಿಸಿದ್ದ. ಹಳದಿ ಫೈನಾನ್ಷಿಯಲ್ ರಿಪೋರ್ಟಿಂಗ್, ಗುಲಾಬಿ ಆಡಿಟ್, ಹಸಿರು ಜಿಎಸ್‌ಟಿ. ಮೊದಲ ಕೇಸಿನಲ್ಲಿ ಒಂದು ಪುಸ್ತಕ ತೆರೆದ, ಚೀಟಿ ಹುಡುಕಿದ, ಪುಟ ತಿರುವಿದ, ಗಡಿಯಾರ ನೋಡಿದ, ಮುಚ್ಚಿಟ್ಟ. ಆಮೇಲೆ ಆ ರಾಶಿಯನ್ನು ಮುಟ್ಟಿದ್ದು ಮೊಣಕೈ ಊರೋದಕ್ಕೆ ಮಾತ್ರ. ನಾನು ಒಯ್ದಿದ್ದು ಕೈಯಲ್ಲಿ ಬರೆದ ಒಂದು ಇಂಡೆಕ್ಸ್ ಮತ್ತು ಮೂರು ಪುಸ್ತಕ. ಅದರಲ್ಲೂ ಒಂದನ್ನು ತೆರೆಯಲಿಲ್ಲ. ಪುಸ್ತಕ ಇದೆ ಅಂತ ಓದದೆ ಹೋಗುವವರಿಗೆ ಈ ಪೇಪರ್ ಆಗೋದಿಲ್ಲ. ಕೇಸ್ ಓದುವಾಗಲೇ ಇದು ಯಾವ ವಿಷಯದ ಪ್ರಶ್ನೆ ಅಂತ ಹೊಳೆಯಬೇಕು.

ಈಗ ಕಾಯುವ ಕಾಲ. ಪರೀಕ್ಷೆ ಮುಗಿದ ಸಂಜೆಯೇ ಯೂಟ್ಯೂಬಿನಲ್ಲಿ ಬಹುಆಯ್ಕೆ ಪ್ರಶ್ನೆಗಳ ಉತ್ತರ ಹೇಳುವ ಮಾಸ್ತರುಗಳು ಹುಟ್ಟಿಕೊಳ್ಳುತ್ತಾರೆ. ಪೇಪರಿನ ಶೇ. 30 ಅಂಕ ಅಲ್ಲೇ ಇರುವುದರಿಂದ ಎಲ್ಲರಿಗೂ ನೋಡುವ ಚಪಲ. ಇಬ್ಬರ ಉತ್ತರ ಒಂದೇ ಇರೋದಿಲ್ಲ, ಮೂರನೆಯವರದನ್ನು ನೋಡಬೇಕಾಗುತ್ತದೆ, ರಾತ್ರಿ ಹೋಗುತ್ತದೆ. ನಾನು ಒಂದನ್ನೂ ನೋಡಿಲ್ಲ. ರಿಸಲ್ಟಿನ ತಾರೀಕಿನ ಗಾಳಿಸುದ್ದಿಗೂ ಬರವಿಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ತಾರೀಕು ಬರುತ್ತದೆ, ಕೆಳಗೆ ಯಾರೋ ಹುಡುಗ "ಪಕ್ಕಾ ಸೋರ್ಸ್" ಅಂತ ಹಾಕಿರುತ್ತಾನೆ.

ಊರಲ್ಲಿ ಈಗ ಅಡಿಕೆ ಕೆಲಸ. ಪರೀಕ್ಷೆಯ ಹೊತ್ತಿಗೆ ಕೊಯ್ಲು ಜೋರಾಗಿತ್ತು. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡ ಸಿಕ್ಕಿದ ದಿನವೇ ಕೊಯ್ಲು, ನನ್ನ ಟೈಮ್‌ಟೇಬಲ್ ಅವನಿಗೆ ಸಂಬಂಧವಿಲ್ಲ. ಅದಕ್ಕೇ ಆಗ ಊರಿಗೆ ಹೋಗಿರಲಿಲ್ಲ. ಈಗ ಶನಿವಾರ ಹೋದರೆ ಅಂಗಳದ ತುಂಬ ಒಣಗಿಸಲು ಹಾಕಿದ ಚಾಲಿ ಅಡಿಕೆ. ಆಯಿ ಫೋನಿನಲ್ಲಿ ಕೇಳುವ ಮೊದಲ ಮಾತೇ "ಕೂಸೇ, ರಿಸಲ್ಟು ಯಾವಾಗ ಬತ್ತು?" ಅಪ್ಪ ಕೇಳೋದಿಲ್ಲ. ಪೇಟೆ ರೇಟು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ?" ಅನ್ನುತ್ತಾರೆ. ಆ "ಮತ್ತೆ"ಗಿಂತ ಆಯಿಯ ಪ್ರಶ್ನೆಯೇ ವಾಸಿ.

ಕಾಯುವಾಗ ಓದಬೇಕಾ? ಇದು ಮೂರು ಅಟೆಂಪ್ಟ್ ಬಂದ ಮೇಲೆ ಹುಟ್ಟಿದ ಪ್ರಶ್ನೆ. ಕಳೆದ ಸೆಪ್ಟೆಂಬರ್ ಪರೀಕ್ಷೆಯ ರಿಸಲ್ಟು ನವೆಂಬರ್ 3ಕ್ಕೆ ಬಂತು. ಆಗದಿದ್ದವರು ಅದೇ ತಿಂಗಳಲ್ಲಿ ಜನವರಿಯ ಫಾರ್ಮ್ ತುಂಬಬೇಕು, ತಡವಾದರೆ 600 ರೂಪಾಯಿ ದಂಡ. ಅಂದರೆ ರಿಸಲ್ಟು ನೋಡಿ ಪುಸ್ತಕ ತೆರೆದರೆ ಕೈಯಲ್ಲಿ ಉಳಿಯೋದು ಎರಡು ತಿಂಗಳು. ಹಾಗಂತ ಪಾಸಾಗಿರಬಹುದಾದ ಪೇಪರನ್ನೇ ಮತ್ತೆ ಓದೋದಕ್ಕೆ ಮನಸ್ಸು ಬರೋದಿಲ್ಲ. ನಾನು ಒಂದು ಮಧ್ಯದ ದಾರಿ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಒಂದು ತಾಸು ಹೊಸ ಆದಾಯ ತೆರಿಗೆ ಕಾಯ್ದೆ. ಪಾಸಾದರೆ ಏಪ್ರಿಲ್‌ನಿಂದ ಕೆಲಸಕ್ಕೆ ಬೇಕು. ಇಲ್ಲದಿದ್ದರೆ ಮುಂದೆಂದಾದರೂ ಪರೀಕ್ಷೆಗೂ ಬೇಕಾಗಬಹುದು. ಜಿಎಸ್‌ಟಿ ಪುಸ್ತಕ ಕಪಾಟಿನ ಮೇಲಿದೆ, ಅದನ್ನು ಮುಟ್ಟುವುದಿಲ್ಲ.

ಅಕಸ್ಮಾತ್ ಒಂದೆರಡು ಅಂಕಕ್ಕೆ ಹೋಯಿತು ಅಂದುಕೊಳ್ಳಿ. ಮರುಎಣಿಕೆಗೆ ಹಾಕಬಹುದು, ಉತ್ತರ ಪತ್ರಿಕೆಯ ಪ್ರತಿಯನ್ನೂ ತರಿಸಬಹುದು. ಆದರೆ ಮರುಮೌಲ್ಯಮಾಪನ ಇಲ್ಲ. ಕೂಡಿದ್ದು ಸರಿಯಾ, ಯಾವುದಾದರೂ ಉತ್ತರ ನೋಡದೆ ಬಿಟ್ಟಿದ್ದಾರಾ, ಅಷ್ಟೇ ನೋಡುತ್ತಾರೆ. ಅದರ ಮೇಲೆ ಆಸೆ ಇಟ್ಟುಕೊಂಡು ಮುಂದಿನ ಫಾರ್ಮ್ ತುಂಬದೆ ಕೂತವರನ್ನು ನೋಡಿದ್ದೇನೆ. ಎರಡನ್ನೂ ಮಾಡಿ. ಇನ್ನು ಒಂದು ಪೇಪರಿನಲ್ಲಿ 60 ಬಂದಿದ್ದರೆ ಮುಂದಿನ ಮೂರು ಅಟೆಂಪ್ಟಿಗೆ ಆ ಪೇಪರಿನ ವಿನಾಯಿತಿ ಸಿಗುತ್ತದೆ. ಮೊದಲು ಆ ಮೂರು ಅಟೆಂಪ್ಟ್ ಅಂದರೆ ಒಂದೂವರೆ ವರ್ಷ. ಈಗ ಒಂದೇ ವರ್ಷ. ಗಿರ್ಮಿಟ್ ತಿನ್ನುವಾಗ ಇದು ಯಾರಿಗೂ ಹೊಳೆದಿರಲಿಲ್ಲ.

ಮೇ ಅಟೆಂಪ್ಟ್ ಬರೆಯಬೇಕಾಗಿ ಬಂದರೆ ಏಪ್ರಿಲ್ ಪೂರ್ತಿ ರಜೆ ಬೇಕು. ಬ್ಯಾಂಕ್ ಬ್ರಾಂಚ್ ಆಡಿಟ್ ಸರಿಯಾಗಿ ಅದೇ ತಿಂಗಳ ಮೊದಲ ಮೂರು ವಾರ. ಮೊನ್ನೆ ಸರ್ ಹತ್ತಿರ ಈಗಲೇ ಹೇಳಿಬಿಟ್ಟೆ: ರಿಸಲ್ಟು ಏನೇ ಬರಲಿ, ಯಾರನ್ನು ಯಾವ ಬ್ರಾಂಚಿಗೆ ಕಳಿಸುವುದು ಅಂತ ಪಟ್ಟಿ ಮಾಡುವಾಗ ನನ್ನ ಹೆಸರು ಬಿಟ್ಟು ಮಾಡಿ, ಪಾಸಾದರೆ ನಾನಾಗೇ ಬಂದು ಸೇರಿಕೊಳ್ಳುತ್ತೇನೆ. "ಪಾಸಾದ್ರ ನೀವು ಇಲ್ಲಿ ಯಾಕ ಇರ್ತೀರಿ, ಬೆಂಗಳೂರಿಗೆ ಹೊಂಟೇ ಬಿಡ್ತೀರಿ" ಅಂದರು. ನನ್ನ ಹೆಸರು ಬಿಟ್ಟಿದ್ದಾರೋ ಇಲ್ಲವೋ, ಪಟ್ಟಿಯನ್ನು ನನಗಿನ್ನೂ ತೋರಿಸಿಲ್ಲ.