ಶುಕ್ರವಾರದ ಅಡುಗೆಮನೆ
ಜೆರುಸಲೇಮಿನಲ್ಲಿ ಶುಕ್ರವಾರ ಮಧ್ಯಾಹ್ನ ಅಂದರೆ ಓಟವೋ ಓಟ. ಸೂರ್ಯ ಮುಳುಗುವ ಹೊತ್ತಿಗೆ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಶುರು. ಆಮೇಲೆ ಒಲೆ ಹಚ್ಚುವಂತಿಲ್ಲ, ಸ್ವಿಚ್ ಮುಟ್ಟುವಂತಿಲ್ಲ. ಹಾಗಾಗಿ ನಾಳೆಯ ಊಟ ಇವತ್ತೇ ಒಲೆ ಏರಿದೆ. ಅದಕ್ಕೆ ಹಮೀನ್ ಅಂತಾರೆ. ಬೀನ್ಸ್ ಕಾಳು, ಬಾರ್ಲಿ, ಆಲೂಗಡ್ಡೆ, ನಾಲ್ಕೇ ತುಂಡು ಮಾಂಸ, ಮೇಲೆ ಸಿಪ್ಪೆ ಸಮೇತ ಮೊಟ್ಟೆ. ರಾತ್ರಿಯಿಡೀ 'ಪ್ಲಾಟಾ' ಅನ್ನೋ ಬಿಸಿ ತಗಡಿನ ಮೇಲೆ ಕೂತು ಮೊಟ್ಟೆಯ ಬಿಳಿ ಭಾಗವೂ ಚಹಾ ಬಣ್ಣಕ್ಕೆ ತಿರುಗಿರುತ್ತದೆ. ಹೆಚ್ಚುವುದು, ತೊಳೆಯುವುದು ನನ್ನ ಕೆಲಸ. ಒಲೆ ಹಚ್ಚುವುದು ಮಾತ್ರ ನಾನು ನೋಡಿಕೊಳ್ಳುವ ಅಜ್ಜಿಯೇ.

ಕಳೆದ ವಾರದ ಹಲ್ಲಾ, ಅಂದರೆ ಸಬ್ಬತ್ತಿನ ಬ್ರೆಡ್, ಉಳಿದಿತ್ತು. ಬೆಳಿಗ್ಗೆ ಹಾಲು, ಮೊಟ್ಟೆಯಲ್ಲಿ ಅದ್ದಿ ಕಾಯಿಸಿದೆವು. ಇಲ್ಲಿ ಹಾಲು, ಮಾಂಸ ಬೆರೆಸುವಂತಿಲ್ಲ; ಹಾಲಿನ ಬಾಣಲೆ ಬೇರೆ, ಮಾಂಸದ್ದು ಬೇರೆ. ಬಂದ ಹೊಸದರಲ್ಲಿ ಚಮಚ ಅದಲು ಬದಲು ಮಾಡಿ ಚೆನ್ನಾಗಿ ಬೈಸಿಕೊಂಡಿದ್ದೇನೆ, ಬಿಡಿ! ಇನ್ನೂ ಮಿಕ್ಕ ತುಂಡುಗಳನ್ನು ಚೀಲಕ್ಕೆ ಹಾಕಿ ಕಸದ ತೊಟ್ಟಿಯ ಹೊರಗೆ ನೇತುಹಾಕಿ ಬಂದೆ. ಬ್ರೆಡ್ಡನ್ನು ಕಸದ ಜೊತೆ ಎಸೆಯುವಂತಿಲ್ಲ. ಉಡುಪಿಯಲ್ಲಿ ನಮ್ಮಮ್ಮ ಅನ್ನದ ಅಗುಳು ಕಾಲಿಗೆ ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದದ್ದು ನೆನಪಾಯಿತು.

ಮೇಲಿನ ಮನೆಯಲ್ಲಿ ನಾಳೆ ನೆಂಟರಂತೆ. 20 ಕುರ್ಚಿ ಬಂದಿವೆ, 'ಗೆಮಾಖ್'ನಿಂದ. ಕುರ್ಚಿ, ತೊಟ್ಟಿಲು, ಮದುವೆ ಗೌನು ಕೂಡ ಎರವಲು ಸಿಗುವ ಜಾಗ ಅದು.

"ಬಾಡಿಗೆ ಎಷ್ಟು ಅಜ್ಜಿ?" ಅಂದೆ.

"ಬಾಡಿಗೆ ಯಾಕೆ? ಒರೆಸಿ ವಾಪಸ್ ಕೊಟ್ಟರಾಯ್ತು."

ಅಯ್ಯೋ, ಸಬ್ಬತ್ ಹತ್ತಿರ ಬಂತು ಅಂತ ಸೈರನ್ ಕೂಗಿತು. ಪ್ಲಾಟಾ ಇನ್ನೂ ಆನ್ ಆಗಿಲ್ಲ. ಬಂದೆ ಅಜ್ಜೀ!